ಕಡಲ ಕಡೆಯ ಗೋಡೆ

ಮೇಸ್ತ್ರಿ ಇನ್ನು ಬರುವುದಿಲ್ಲವೆಂದು ತಿಳಿದ ದಿನ, ಬಂದರಿನಲ್ಲಿ ಕಟ್ಟುತ್ತಿದ್ದ ಬಿರುಗಾಳಿ ತಂಗುದಾಣದ ಕಡಲ ಕಡೆಯ ಗೋಡೆಗೆ ಕಾಂಕ್ರೀಟ್ ಸುರಿಯುತ್ತಿದ್ದರು. ಉಪ್ಪುನೀರನ್ನು ತಾಳುತ್ತವೆಯೋ ಇಲ್ಲವೋ ಎಂದು ನೋಡಲು ಸಮುದ್ರದಲ್ಲಿ ಇಳಿಬಿಟ್ಟಿದ್ದ ಕಾಂಕ್ರೀಟ್ ತುಂಡುಗಳನ್ನು ತರಹೋದವನನ್ನು ಅಲೆಯೊಂದು ಎಳೆದುಕೊಂಡಿತ್ತು. ಸಿಕ್ಕಿದ್ದು ಅವನ ಸಣ್ಣ ಸುತ್ತಿಗೆ ಮಾತ್ರ. ಕಟ್ಟಡದ ನಕ್ಷೆ ಬರೆದ ಇಂಜಿನಿಯರಮ್ಮ ಅದನ್ನು ಎದೆಗೊತ್ತಿಕೊಂಡು ಕಲ್ಲಾಗಿ ನಿಂತಳು. ಕೆಲಸದವರು ಉಳಿದ ಕಾಂಕ್ರೀಟನ್ನು ಹೇಗೋ ಸುರಿದು ದಡಕ್ಕೆ ಓಡಿದರು.

ಮೇಸ್ತ್ರಿ ಇದ್ದಾಗ, ಅಚ್ಚಿನ ಹಲಗೆ ಬಿಚ್ಚಿದ ಪ್ರತಿ ಗೋಡೆಯನ್ನೂ ಆ ಸುತ್ತಿಗೆಯಿಂದ ಮೂರು ಸಲ ತಟ್ಟಿ ಕಿವಿಗೊಡುತ್ತಿದ್ದ.

"ಗಟ್ಟಿ ಗೋಡೆ ಮಾತಾಡಲ್ಲ, ಮೇಡಂ. ಟೊಳ್ಳು ಗೋಡೆನೇ ಬಾಯಿಬಡುಕ."

"ಹಾಗಾದ್ರೆ ನೀವು ಯಾವ ಗೋಡೆ?" ಎಂದು ಅವಳು ಓರೆಗಣ್ಣಲ್ಲಿ ನೋಡಿದ್ದಳು.

"ಒಳಗೆಲ್ಲ ಟೊಳ್ಳು. ತುಂಬೋರಿಗೆ ಕಾಯ್ತಿದೀನಿ. ನೀವು ಹೂಂ ಅಂದ್ರೆ..."

"ಕಡಲ ಕಡೆ ಗೋಡೆ ಏಳಲಿ, ಆಮೇಲೆ ಹೇಳ್ತೀನಿ."

ಆ ಉತ್ತರ ಹೇಳುವ ಮೊದಲೇ ಅವನು ಹೋಗಿದ್ದ.

ಹನ್ನೆರಡನೆಯ ದಿನ ಹಲಗೆ ಬಿಚ್ಚಿದರು. ಗೋಡೆ ಕನ್ನಡಿಯಂತೆ ನುಣುಪಾಗಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು; ಇಂಜಿನಿಯರಮ್ಮ ಒಬ್ಬಳೇ ಉಳಿದಳು. ಗಾಳಿ ಇದ್ದಕ್ಕಿದ್ದಂತೆ ನಿಂತಿತು.

ಟಕ್, ಟಕ್, ಟಕ್.

ಸದ್ದು ಗೋಡೆಯ ಆಚೆಯಿಂದ. ಆಚೆ ನೀರಲ್ಲದೆ ಬೇರೇನೂ ಇರಲಿಲ್ಲ. ಸುತ್ತಿಗೆ ಅವಳ ಕೈಯಲ್ಲೇ ಇತ್ತು. ಸದ್ದು ಮೆಲ್ಲಗೆ ಸರಿಯುತ್ತ ಬಂದು ಅವಳ ಎದೆಯ ಎತ್ತರದಲ್ಲಿ ನಿಂತಿತು. ಅವಳು ಅಲ್ಲೇ ತಟ್ಟಿದಳು. ಖಾಲಿ ಕೊಡದ ಸದ್ದು.

ಗೋಡೆ ಒಡೆಸಬೇಕೆಂದಾಗ ಗುತ್ತಿಗೆ ಹಿಡಿದಿದ್ದ ಅವಳ ಚಿಕ್ಕಪ್ಪ ರೇಗಿದ. "ಮೇಲೆ ನುಣ್ಣಗಿದೆಯಲ್ಲೇ ಮಗಳೇ! ಉದ್ಘಾಟನೆಗೆ ದಿನ ಗೊತ್ತಾಗಿದೆ. ಇನ್ಯಾರು ಬಗೆದು ನೋಡ್ತಾರೆ?"

"ಕಡಲು ನೋಡುತ್ತೆ, ಚಿಕ್ಕಪ್ಪ. ಅದಕ್ಕೇನು ಅವಸರ?"

ಒಡೆಸಿದಳು. ಒಳಗೆ ಜೇನುಗೂಡಿನಂಥ ಪೊಳ್ಳು. ಬತ್ತಲೆ ನಿಂತ ಸರಳುಗಳಿಗೆ ಆಗಲೇ ತುಕ್ಕು. ಬಿಟ್ಟಿದ್ದರೆ ಬಿರುಗಾಳಿಗೆ ಹೆದರಿ ಒಳಗೆ ಬಂದವರ ಮೇಲೇ ಒಂದು ದಿನ ಗೋಡೆ ಬೀಳುತ್ತಿತ್ತು.

ತುಂಬುವ ಮೊದಲು ಅವಳು ಆ ಪೊಳ್ಳಿನ ಬಳಿ ತುಟಿ ತಂದಳು.

"ಹೂಂ ಕಣ್ರೀ."

ಒಳಗಿನಿಂದ ತಣ್ಣನೆಯ ಉಸಿರೊಂದು ಕೆನ್ನೆ ಸವರಿತು. ಆಮೇಲೆ ತನ್ನ ಕೈಯಾರೆ ಗಾರೆ ಒತ್ತಿದಳು.

ಅದು ಗಟ್ಟಿಯಾದ ಮೇಲೆ ಮೂರು ಸಲ ತಟ್ಟಿ ಕಿವಿಗೊಟ್ಟಳು. ತಡೆಯಲಾರದೆ ಇನ್ನೊಮ್ಮೆ ತಟ್ಟಿದಳು. ಗೋಡೆ ಮಾತಾಡಲಿಲ್ಲ.

ಸುತ್ತಿಗೆಯನ್ನು ನೀರಿಗೆ ಬಿಟ್ಟು ಕೈಮುಗಿದಳು. "ದೇವರೇ, ಇಷ್ಟು ಜನರಿಗೆ ಆಸರೆ ಕಟ್ಟಿದ ಜೀವ ಅದು. ಅದಕ್ಕೂ ನಿನ್ನಲ್ಲೊಂದು ನೆಲೆ ಕೊಡು. ಇನ್ನಾದರೂ ಶಾಂತಿಯಿಂದ ಮಲಗಲಿ."