ವೈರಸ್ ತಿಂದ ನಲವತ್ತು ಹೇಳಿಕೆ

ಬೆಳಗ್ಗೆ ಒಂಬತ್ತಕ್ಕೆ ನಮ್ಮ ಕಾರ್ಮಿಕ ಸಂಘದ ಟೈಪಿಸ್ಟ್ ಬಂದು ಹಿಂಬದಿ ಕೋಣೆಯ ಬಾಗಿಲು ಬಡಿದಳು. ಅಲ್ಲಿ ತಪ್ಪಕ್ಕ ಇರುತ್ತಿದ್ದರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡಿನ ತಪ್ಪು ತಿದ್ದಿದವರು, ಆ ಹೆಸರು ಬಂದದ್ದೂ ಹಾಗೇ. ಸಂಘದಲ್ಲಿ ಏನು ಕಳುವಾದರೂ ಪತ್ತೆ ಹಚ್ಚುವವರು ಅವರೇ. ಓದುಕೋಣೆ ನೋಡಿಕೊಳ್ಳುವ ನಾನು ಅವರ ಬಾಲ.

"ಅಕ್ಕ, ಬಾಯ್ಲರ್ ಹೇಳಿಕೆ ಒಂದೂ ಇಲ್ಲ" ಎಂದಳು.

ಕಾರ್ಖಾನೆಯ ಬಾಯ್ಲರ್ ಸಿಡಿದು ಇಬ್ಬರು ಸತ್ತಿದ್ದರು. ಒಬ್ಬ ಅವಳ ಅಣ್ಣ. ಕಣ್ಣಾರೆ ಕಂಡ ನಲವತ್ತು ಜನರ ಮಾತನ್ನು ಅವಳೇ ಕೇಳಿ ಟೈಪ್ ಮಾಡಿದ್ದಳು. ವಿಚಾರಣೆಗೆ ಉಳಿದಿದ್ದು ಮೂರೇ ದಿನ.

ಕಚೇರಿಯಲ್ಲಿ ಕಾರ್ಯದರ್ಶಿ ಆಗಲೇ ತೀರ್ಪು ಕೊಟ್ಟಾಗಿತ್ತು. ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದವಳು ಈ ಟೈಪಿಸ್ಟ್, ಆ್ಯಂಟಿವೈರಸ್ ಬೇಡವೆಂದವಳೂ ಇವಳೇ. ವೈರಸ್ ನುಗ್ಗಿ ಎಲ್ಲ ತಿಂದಿದೆ, ಇವಳನ್ನು ಇವತ್ತೇ ಕೆಲಸದಿಂದ ತೆಗೆಯಬೇಕು. "ನಂಗಂತೂ ಆ ಪೆಟ್ಟಿಗೆ ಗುಂಡಿ ಎಲ್ಲಿದೆ ಅಂತಾನೂ ಗೊತ್ತಿಲ್ಲಪ್ಪ" ಎಂದು ನನ್ನತ್ತ ತಿರುಗಿದರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು, ಮಗಳದು. "ಸಂಜೆ ಬರ್ತೀನಮ್ಮ ಗುಬ್ಬಿಪುಟ್ಟಿ, ಈಗ ಇಡು."

ತಪ್ಪಕ್ಕ ಕಂಪ್ಯೂಟರಿನ ಮುಂದೆ ಕೂತರು. ಹಾಡಿನ ಪುಸ್ತಕ, ಮೆರವಣಿಗೆಯ ಫೋಟೊ, ಸಭೆಯ ನಡಾವಳಿ ಎಲ್ಲ ಇದ್ದವು. ಹೋಗಿದ್ದು ಬಾಯ್ಲರ್ ಫೋಲ್ಡರ್ ಒಂದೇ. ಅದರ ಪ್ರತಿಯಿದ್ದ ಪೆನ್‌ಡ್ರೈವ್ ಕೂಡ ಮೇಜಿನ ಖಾನೆಯಲ್ಲಿರಲಿಲ್ಲ. ಆ ಫೋಲ್ಡರ್ ಅಳಿಸಲು ಪಾಸ್‌ವರ್ಡ್ ಬೇಕಿತ್ತು. ಅದು ತನಗೂ ಮೂವರು ಪದಾಧಿಕಾರಿಗಳಿಗೂ ಗೊತ್ತು ಎಂದಳು ಟೈಪಿಸ್ಟ್. ತಪ್ಪಕ್ಕ ಆದೇಶ ಬರೆಯುವ ಕಪ್ಪು ಕಿಟಕಿ ತೆರೆದು ಹಳೆಯ ಸಾಲುಗಳನ್ನು ಕರಡು ಓದುವಂತೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

ಮಧ್ಯಾಹ್ನ ಕಂಪ್ಯೂಟರನ್ನು ಓದುಕೋಣೆಗೆ ತರಿಸಿ, ಹೇಳಿಕೆ ಕೊಟ್ಟ ನಲವತ್ತು ಜನರೂ ಸೇರಿ ಸಂಘದ ಎಲ್ಲರನ್ನೂ ಅಲ್ಲಿಗೆ ಕರೆಸಿದರು.

"ವೈರಸ್‌ಗೆ ಓದೋಕೆ ಬರುತ್ತಾ, ಬೇಕಾದ ಫೋಲ್ಡರ್ ಒಂದನ್ನೇ ಆರಿಸ್ಕೊಳ್ಳೋಕೆ? ಹೋಗಲಿ, ಖಾನೆ ಎಳೆಯೋಕೆ ಅದಕ್ಕೆ ಕೈ ಇದೆಯಾ?"

ಯಾರೋ ಕಿಸಕ್ಕೆಂದರು.

"ಈಗ ನೋಡಿ, ಪಾಸ್‌ವರ್ಡ್ ಹೊಡೀತಾ ಇದ್ದೀನಿ. ಪರದೆ ಮೇಲೆ ಒಂದು ಚುಕ್ಕೆನಾದ್ರೂ ಕಾಣ್ತಾ? ಕಾಣಲ್ಲ. ಅಳಿಸೋಕೆ ಬಂದವರಿಗೆ ಇದು ಗೊತ್ತಿರ್ಲಿಲ್ಲ."

ಉಳಿದದ್ದನ್ನು ಬಿಡಿಸಿ ಹೇಳಿದರು. ಬಂದವರು ಗಾಬರಿಯಲ್ಲಿ ಕಚೇರಿಯದರ ಬದಲು ತಮ್ಮ ಮನೆಯ ಪಾಸ್‌ವರ್ಡ್ ಹೊಡೆದಿದ್ದರು. ಮೂರು ಸಲ ತಪ್ಪಿದ ಮೇಲೆ ಕಂಪ್ಯೂಟರ್ ಕೇಳುವುದನ್ನೇ ನಿಲ್ಲಿಸಿತು. ಅದು ತಿಳಿಯದೆ ನಾಲ್ಕನೇ ಸಲವೂ ಹೊಡೆದರು. ಈ ಸಲ ಅದು ಮಾಮೂಲಿ ಆದೇಶದ ಸಾಲಿನಲ್ಲಿ ಬಿತ್ತು, ಅಕ್ಷರ ಪರದೆ ಮೇಲೆ ಕಂಡರೂ ಅವರಿಗೆ ಅನುಮಾನ ಬರಲಿಲ್ಲ. ಆದೇಶಗಳನ್ನೆಲ್ಲ ನೆನಪಿಡುವ ಯಂತ್ರ ಅದನ್ನೂ ಬರೆದಿಟ್ಟುಕೊಂಡಿತು. ಆಮೇಲೆ ಕಚೇರಿಯ ಪಾಸ್‌ವರ್ಡ್ ನೆನಪಾಗಿ ಕೆಲಸ ಮುಗಿಸಿದ್ದರು.

"ಬರೆದಿದ್ದೇನು ಗೊತ್ತಾ? ಗುಬ್ಬಿಪುಟ್ಟಿ."

ಕಾರ್ಯದರ್ಶಿಯ ಮುಖ ಸುಣ್ಣವಾಯಿತು. ಕಾರ್ಖಾನೆಯವರು ಮೇಲ್ವಿಚಾರಕನ ಹುದ್ದೆ ಕೊಡುತ್ತೇವೆಂದಿದ್ದರು, ಪೆನ್‌ಡ್ರೈವ್ ಮೋರಿಗೆ ಎಸೆದೆ ಎಂದು ನೆಲ ನೋಡುತ್ತ ಒಪ್ಪಿಕೊಂಡರು.

ಹೇಳಿಕೆ ಕೊಟ್ಟವರಲ್ಲೊಬ್ಬ ಫಿಟ್ಟರಣ್ಣ ಕೇಳಿದ: "ಹಾಗಾದ್ರೆ ಆ್ಯಂಟಿವೈರಸ್ ಬೇಕಾ ಬೇಡ್ವಾ ಅಕ್ಕ?"

"ನಮ್ಮಿಂದ ಬೇರೆಯವರ ಕಂಪ್ಯೂಟರಿಗೆ ಕೊಳೆ ಹೋಗಬಾರ್ದು ಅನ್ನೋದಾದ್ರೆ ಹಾಕ್ಕೊಳ್ಳಿ, ನಷ್ಟ ಇಲ್ಲ. ಆದ್ರೆ ಪಾಸ್‌ವರ್ಡ್ ಗೊತ್ತಿರೋನೇ ಮಾರಿಕೊಂಡ್ರೆ ಅದಕ್ಕೆ ಯಾವ ಅಂಗಡೀಲೂ ಮದ್ದಿಲ್ಲ."

ಟೈಪಿಸ್ಟ್ ಎದ್ದಳು. ಪಾಸ್‌ವರ್ಡ್ ಬದಲಾಯಿಸಿದಳು. ಖಾಲಿ ಪುಟ ತೆರೆದಳು.

"ಬರೆದಿದ್ದು ತಾನೇ ಹೋಗಿರೋದು, ಕಂಡೋರು ಇನ್ನೂ ಇದ್ದೀರಲ್ಲ" ಎಂದಳು. "ಮೊದಲಿಂದ ಹೇಳಿ. ಒಬ್ಬೊಬ್ಬರೇ ಬನ್ನಿ."

ಬೆಂಚು ಸರಿದ ಸದ್ದಾಯಿತು. ನಲವತ್ತು ಜನ ಸಾಲು ನಿಂತರು. ಇಷ್ಟು ದಿನ ಹೆದರಿ ಬಾಯಿ ಬಿಡದಿದ್ದ ಬಾಯ್ಲರ್ ಕಾವಲುಗಾರ ಕೊನೆಯಲ್ಲಿ ಬಂದು ನಿಂತ. ನಲವತ್ತೊಂದು.