ಕರಿಗಲ್ಲು ಹಾಕುವ ಮುನ್ನ

ಏಳು ಬೆಟ್ಟಗಳಾಚೆ, ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹಂಸಾವತಿ ಎಂಬ ರಾಜ್ಯವಿತ್ತು. ಅಲ್ಲೊಂದು ಮಾಯದ ಕೊಳ. ದಡದಲ್ಲಿ ನಿಂತು ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಬಲ್ಲವರು ಹೇಳಿದ ಉತ್ತರ ತಾವರೆಯಾಗಿ ಅರಳಿ, ಬಂದವರಿಗೆಲ್ಲ ಅದನ್ನೇ ನುಡಿಯುತ್ತಿತ್ತು. ಉತ್ತರ ತಪ್ಪಾದರೆ ಜನ ಕರಿಗಲ್ಲು ಹಾಕುತ್ತಿದ್ದರು, ತಾವರೆ ಮುಳುಗುತ್ತಿತ್ತು.

ಮಾಂತ್ರಿಕ ಕಗ್ಗಲ್ಲಯ್ಯನಿಗೆ ಹೊಟ್ಟೆಯುರಿ. "ಈ ಬಲ್ಲವರೆಲ್ಲ ಬಾಯಿ ಮುಚ್ಚಿದರೆ ಜನ ನನ್ನ ಕಾಲಿಗೇ ಬೀಳಬೇಕು" ಎಂದು ಕೊಳಕ್ಕೆ ಬೂದಿ ಎರಚಿದ. ಅಂದಿನಿಂದ ಕಾರಣ ಹೇಳದೆ ಎಸೆದ ಕಲ್ಲು ಉತ್ತರ ಕೊಟ್ಟವರನ್ನೇ ಕಲ್ಲಾಗಿಸತೊಡಗಿತು. ರಾಜಕುಮಾರ ಕಾಂತರಾಯನೂ ಕಲ್ಲಾದ.

ಅವನ ತಂಗಿ ಚೆಲುವಾಂಬೆ ಮಾಂತ್ರಿಕನ ಗವಿಗೆ ಹೋದಳು. "ನನ್ನಣ್ಣನನ್ನು ಬಿಡು!"

"ನನ್ನ ಮೂರು ಮೃಗಗಳನ್ನು ಪ್ರಶ್ನೆ ಕೇಳು. ಕಲ್ಲು ಹಾಕುವುದೋ ಬೇಡವೋ, ನೀನೇ ತೀರ್ಮಾನಿಸು. ಮೂರೂ ಸರಿಯಾದರೆ ನಾನು ಬೂದಿ, ತಪ್ಪಿದರೆ ನೀನೂ ಕಲ್ಲು."

"ಹೊಳೆ ದಾಟುವುದು ಹೇಗೆ?" ಎಂದಳು ಚೆಲುವಾಂಬೆ.

"ಸುಳಿಯಲ್ಲೇ ಇಳಿ, ನನ್ನ ಬಂಗಾರ" ಎಂದಿತು ಹಾವು.

"ಮಾತು ಸಿಹಿ. ಆದರೆ ಸುಳಿಗೆ ಇಳಿದವರು ಮುಳುಗುತ್ತಾರೆ" ಎಂದು ಅವಳು ಕಲ್ಲು ಹಾಕಿದಳು. ಹಾವು ಹೊಗೆಯಾಯಿತು.

"ಹೊಳೆ ದಾಟುವುದು ಹೇಗೆ?"

"ಥೂ, ಪೆದ್ದಿ! ನೀರು ತೆಳ್ಳಗೆ ಹರಡಿದ ಕಡೆ ದಾಟು!" ಎಂದಿತು ಹುಲಿ.

ಚೆಲುವಾಂಬೆಯ ಮುಖ ಕೆಂಪಾಯಿತು. ಎತ್ತಿದ ಕೈಯನ್ನು ಕಷ್ಟಪಟ್ಟು ಇಳಿಸಿದಳು. "ನಿನ್ನ ಮೇಲೆ ಸಿಟ್ಟಿದೆ. ಆದರೆ ಉತ್ತರ ಸರಿ." ಹುಲಿಯೂ ಹೊಗೆಯಾಯಿತು.

"ಹೊಳೆ ದಾಟುವುದು ಹೇಗೆ?"

"ಹೊಳೆ ಉಕ್ಕಿದಾಗ ದಾಟು" ಎಂದಿತು ಕರಡಿ.

"ಉಕ್ಕಿದ ಹೊಳೆ ಕೊಚ್ಚಿಕೊಂಡು ಹೋಗುತ್ತದೆ" ಎಂದು ಅವಳು ಕಲ್ಲು ಹಾಕಿದಳು. ಅದು ಕರಡಿಯ ಮುಂದಿದ್ದ ಕುದಿಯುವ ಕೊಪ್ಪರಿಗೆಗೆ ಬಿತ್ತು.

ಕರಡಿ ತಲೆ ಕೆರೆದುಕೊಂಡಿತು. "ಹೌದಲ್ಲ! ನೆರೆ ಇಳಿದ ಮೇಲೆ ದಾಟು."

ಉತ್ತರ ತಿದ್ದಿದ ಮೇಲೆ ಕಲ್ಲು ಇರಬಾರದು. ಚೆಲುವಾಂಬೆ ಹಲ್ಲು ಕಚ್ಚಿ ಕೊಪ್ಪರಿಗೆಗೆ ಕೈ ಹಾಕಿದಳು. ನೀರು ತಣ್ಣಗಾಯಿತು. ಕಲ್ಲು ಹೊರಬರುತ್ತಲೇ ಕಗ್ಗಲ್ಲಯ್ಯ ಬೂದಿಯಾಗಿ ಉದುರಿದ.

ಅವಳು ಕೊಳಕ್ಕೆ ಓಡಿ, ದಡದಲ್ಲಿ ನೆರೆದಿದ್ದ ಜನರಿಗೆ ಕೂಗಿ ಹೇಳಿದಳು. "ಕಲ್ಲು ಎಸೆದವರು ಕಾರಣ ಹೇಳಿ! ಇಲ್ಲವೇ ಹಿಂದೆ ತೆಗೆದುಕೊಳ್ಳಿ!"

ಮುದಿ ದಳವಾಯಿ ತಲೆ ತಗ್ಗಿಸಿದ. "ಕುಸ್ತಿಯಲ್ಲಿ ಸೋತ ಉರಿಗೆ ರಾಜಕುಮಾರರಿಗೆ ಎಸೆದೆ, ತಾಯೀ. ಅವರ ಉತ್ತರವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ." ನೀರಿಗಿಳಿದು ತನ್ನ ಕಲ್ಲನ್ನು ಎತ್ತಿಕೊಂಡ. ಒಬ್ಬೊಬ್ಬರಾಗಿ ಉಳಿದವರೂ ಇಳಿದರು.

ಕಾಂತರಾಯ ಉಸಿರೆಳೆದ. ಕಣ್ಣು ಬಿಟ್ಟವನೇ, "ತಂಗೀ, ನನ್ನ ಉತ್ತರ ತಪ್ಪಿತ್ತೇನೆ?" ಎಂದ.

"ಇಲ್ಲಣ್ಣಾ, ಸರಿಯಾಗೇ ಇತ್ತು" ಎಂದು ಅವಳು ಅಳುತ್ತಾ ನಕ್ಕಳು.

ಅಂದು ಹಂಸಾವತಿಯಲ್ಲಿ ಹಬ್ಬದಡುಗೆ ಮಾಡದ ಮನೆಯಿರಲಿಲ್ಲ, ನಗದ ಮುಖವಿರಲಿಲ್ಲ.