ಅಮ್ಮ ಅಲ್ಲ, ನೊರಜು

“ನನ್ನ ಕೈ ಮುಟ್ಟಿ ಭಾಷೆ ಕೊಡು. ದೊಡ್ಡೋರು ಜೊತೆಗಿಲ್ದೆ ಹೊಳೆ ಕಡೆ ಹೋಗಲ್ಲ ಅಂತ.”

ಅಜ್ಜಿ ಮರುಳಸಿದ್ದಮ್ಮ ಹೀಗೆ ಕೈ ಚಾಚಿದಾಗ ಅಂಕಿತಾ ಮೂರನೇ ಕ್ಲಾಸಿನಲ್ಲಿದ್ದಳು. ಬಾಯಿ ತುಂಬ ಚಕ್ಕುಲಿ ಇತ್ತು. ಅದನ್ನು ನುಂಗಿ, ಅಜ್ಜಿಯ ಅಂಗೈ ಮೇಲೆ ತನ್ನ ಎಣ್ಣೆಗೈ ಇಟ್ಟು, “ಹ್ಞೂಂ, ಕೊಟ್ಟೆ” ಎಂದಿದ್ದಳು.

ಈಗ ಅವಳು ಐದನೇ ಕ್ಲಾಸು. ಶುಕ್ರವಾರ ಸಂಜೆ ಸ್ಕೂಲು ಬಿಟ್ಟವಳು ಮನೆಗೆ ಹೋಗದೆ, ಹರಿಹರದ ಹೊಳೆ ದಂಡೆಯಲ್ಲಿ, ಬಾರೆಗಿಡದ ಕೆಳಗೆ ನಿಂತಿದ್ದಳು. ಯೂನಿಫಾರ್ಮಿನ ಲಂಗವನ್ನು ಜೋಳಿಗೆಯ ಹಾಗೆ ಹಿಡಿದಿದ್ದಳು. ಗೆಳತಿ ಕೀರ್ತನಾ ಕೊಂಬೆ ಅಲುಗಿಸಿದಂತೆಲ್ಲ ಬಾರೆಹಣ್ಣು ಪಟಪಟ ಉದುರುತ್ತಿದ್ದವು.

ತಿನ್ನುವ ಆಸೆಗೆ ಬಂದದ್ದಲ್ಲ. ದಾವಣಗೆರೆಯಿಂದ ಮಂಗಳತ್ತೆ ಬಂದಿದ್ದಳು. ಅವಳು ಅಪ್ಪನ ತಂಗಿ. ಮದುವೆಯಾಗಿ ಏಳು ವರ್ಷಕ್ಕೆ ಈಗ ಬಸುರಿ. ಭಾನುವಾರ ಅವಳಿಗೆ ಕುಬಸ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುವ ಕಾರ್ಯ. ನಿನ್ನೆ ಊಟಕ್ಕೆ ಕುಳಿತಾಗ ಅತ್ತೆ ತಟ್ಟೆಯನ್ನು ದೂರ ತಳ್ಳಿ, ಹೊಳೆ ದಂಡೆಯ ಬಾರೆಹಣ್ಣು ಸಿಕ್ಕಿದ್ದರೆ ತಿನ್ನಬಹುದಿತ್ತು ಎಂದಿದ್ದಳು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂಕಿತಾ ಹಾಕಿಕೊಂಡಳು.

ಭಾಷೆ ನೆನಪಿರಲಿಲ್ಲ ಎಂದಲ್ಲ. ದಾರಿಯುದ್ದಕ್ಕೂ ನೆನಪಿತ್ತು. ಆದರೆ ದಂಡೆಯಲ್ಲಿ ಕೀರ್ತನಾಳ ಅಜ್ಜಿ ಓಬವ್ವ ಇದ್ದಳು. ಅಲ್ಲೇ ಅವರ ಸೌತೆಕಾಯಿ ತೋಟ. ಓಬವ್ವ ದೊಡ್ಡೋಳು ತಾನೆ? ದೊಡ್ಡೋರು ಇದ್ದಹಾಗೇ ಆಯಿತಲ್ಲ. ಅಂಕಿತಾ ತನಗೆ ತಾನೇ ಹಾಗೆ ಹೇಳಿಕೊಂಡಿದ್ದಳು.

ಹೊತ್ತು ಇಳಿಯುತ್ತಿದ್ದಂತೆ ಹಸಿ ಮರಳಿನಿಂದ ನೊರಜು ಎದ್ದವು. ಎಳ್ಳುಕಾಳಿಗಿಂತ ಸಣ್ಣವು. ಸೊಳ್ಳೆಯ ಹಾಗೆ ಗುಂಯ್ ಎನ್ನುವುದೂ ಇಲ್ಲ. ಕೂತದ್ದು ಕಾಣುವುದಿಲ್ಲ. ಚುರ್ ಎಂದು ಕಚ್ಚಿದಾಗಲೇ ಗೊತ್ತು.

ಓಬವ್ವ ಭತ್ತದ ಹೊಟ್ಟಿನ ಮೇಲೆ ಅರೆ ಒಣಗಿದ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸಿದಳು. ಅವರ ಎಮ್ಮೆ ತಾನಾಗಿಯೇ ಬಂದು ಹೊಗೆಯೊಳಗೆ ಮುಖ ಇಟ್ಟು ನಿಂತಿತು.

“ಬರ್ರೇ ಇಲ್ಲಿ. ಹೊಂಗೆಣ್ಣೆ ಹಚ್ಚತೀನಿ” ಎಂದು ಓಬವ್ವ ಶೀಶೆ ತೆಗೆದಳು.

ಕೀರ್ತನಾ ಓಡಿಹೋಗಿ ಕೈ ಕಾಲು ಚಾಚಿದಳು. ಅಂಕಿತಾ ಎರಡು ಹೆಜ್ಜೆ ಹಿಂದೆ ಸರಿದಳು. ಹೊಂಗೆಣ್ಣೆಯ ವಾಸನೆ ಎಂಥದ್ದೆಂದು ಅವಳಿಗೆ ಗೊತ್ತಿತ್ತು. ಹೊಗೆಯ ವಾಸನೆಯೂ ಕೂದಲಿಗೆ ಅಂಟುತ್ತದೆ. ಮನೆಗೆ ಹೋದ ಕೂಡಲೇ ಅಜ್ಜಿಯ ಮೂಗು ಎಲ್ಲವನ್ನೂ ಕಂಡುಹಿಡಿಯುತ್ತದೆ.

“ನನಗೆ ಬ್ಯಾಡ” ಎಂದಳು.

“ಹಂಗಾರೆ ಎಮ್ಮೆ ಪಕ್ಕ ಬಂದು ನಿಂದ್ರು. ಅದಕ್ಕಿರೋ ಬುದ್ಧಿ ನಿಂಗಿಲ್ಲಲ್ಲ.”

“ಇವರಮ್ಮ ಊಟ ಚೆನ್ನಾಗಿ ಹಾಕ್ತಾರೆ ಅವ್ವಾ, ಇವಳ ರಕ್ತ ಸಿಹಿ ಐತೆ” ಎಂದು ಕೀರ್ತನಾ ನಕ್ಕಳು. “ಇವತ್ತು ನೊರಜಿಗೆಲ್ಲ ಹಬ್ಬ.”

ಅಂಕಿತಾಳಿಗೂ ನಗು ಬಂತು. ಆದರೂ ಹೊಗೆಯಿಂದ ದೂರವೇ, ಗಿಡದ ಆ ಕಡೆ ನಿಂತು, ಕಾಲಿಗೆ ಕಾಲು ಉಜ್ಜುತ್ತಾ ಹಣ್ಣು ಆರಿಸಿದಳು. ಇವತ್ತು ಏನೂ ಗೊತ್ತಾಗುವುದಿಲ್ಲ, ನಾಳೆ ನೋಡಿಕೋ, ಕೆರೆದರೆ ಇನ್ನೂ ಏಳುತ್ತವೆ ಎಂದು ಓಬವ್ವ ಹಿಂದಿನಿಂದ ಹೇಳುತ್ತಲೇ ಇದ್ದಳು.

ಮನೆಯಲ್ಲಿ ಬಾರೆಹಣ್ಣು ಎಲ್ಲಿಂದ ಬಂತೆಂದು ಅಜ್ಜಿ ಕೇಳಿದಳು. ಕೀರ್ತನಾ ಸ್ಕೂಲಿಗೆ ತಂದಿದ್ದಳು, ಆಮೇಲೆ ಅವರ ಮನೆಯಲ್ಲಿ ಹೋಂವರ್ಕ್ ಮಾಡಿದೆವು ಎಂದು ಅಂಕಿತಾ ಹೇಳಿಬಿಟ್ಟಳು. ಸುಳ್ಳು ಅಷ್ಟು ಸುಲಭವಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಮಂಗಳತ್ತೆ ಉಪ್ಪು ಖಾರ ಹಚ್ಚಿಕೊಂಡು ಒಂದು ಬಟ್ಟಲು ಹಣ್ಣು ಮುಗಿಸಿದಳು. ಬೀಜಗಳನ್ನು ಸಾಲಾಗಿ ಜೋಡಿಸಿ, ಇದರಲ್ಲಿ ಅರ್ಧ ಹೊಟ್ಟೆಯೊಳಗಿನ ಪುಟಾಣಿ ತಿಂದದ್ದು ಎಂದಳು. ರಾತ್ರಿ ಅತ್ತೆ, ಸೊಸೆ ಒಂದೇ ಹಾಸಿಗೆಯಲ್ಲಿ ಮಲಗಿದರು.

*

ಬೆಳಿಗ್ಗೆ ಎಚ್ಚರವಾದಾಗ ಮೈ ಕಾಯುತ್ತಿತ್ತು. ಅಂಕಿತಾ ಕಂಬಳಿಯೊಳಗೇ ಕೈ ನೋಡಿಕೊಂಡಳು. ಮೊಣಕೈಯಿಂದ ಬೆರಳಿನವರೆಗೆ ಕೆಂಪು ಗುಳ್ಳೆಗಳು. ಕೆಲವಕ್ಕೆ ತುದಿಯಲ್ಲಿ ನೀರು. ಕಾಲು ಮುಟ್ಟಿಕೊಂಡಳು, ಅಲ್ಲೂ ಇದ್ದವು. ಕಿವಿ, ಕತ್ತು, ಕೆನ್ನೆ. ಅವಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು.

ಎಂಟು ಗಂಟೆಯಾದರೂ ಏಳದವಳ ಕಂಬಳಿಯನ್ನು ಅಜ್ಜಿ ಸರಿಸಿದಳು. ನೋಡಿದಳು. ಹಣೆ ಮುಟ್ಟಿದಳು. ಅಷ್ಟು ಹೊತ್ತು ಕಂಬಳಿಯಲ್ಲಿದ್ದ ಹಣೆ ಬಿಸಿಯಾಗಿಯೇ ಇತ್ತು.

“ಬಕ್ಕೇಶ, ಇಲ್ಲಿ ಬಾ” ಎಂದು ಅಪ್ಪನನ್ನು ಕರೆದಳು. ಆಮೇಲೆ ದನಿ ತಗ್ಗಿಸಿ, “ಅಮ್ಮ ಬಂದಾಳೆ” ಎಂದಳು.

ಅಂಕಿತಾ ಬಾಗಿಲ ಕಡೆ ನೋಡಿದಳು. ಅಮ್ಮ ಹಸಿರು ಸೀರೆ, ಬಳೆ ತರಲು ಮೊದಲ ಬಸ್ಸಿಗೇ ದಾವಣಗೆರೆಗೆ ಹೋಗಿದ್ದಳು. ಇಷ್ಟು ಬೇಗ ಬಂದಳೇ? ಬಾಗಿಲಲ್ಲಿ ಯಾರೂ ಇರಲಿಲ್ಲ. ಆಗ ಗೊತ್ತಾಯಿತು, ಅಜ್ಜಿ ಹೇಳಿದ್ದು ಬೇರೆ ಅಮ್ಮ. ಹೋದ ವರ್ಷ ಪಕ್ಕದ ಮನೆಯ ಹುಡುಗನಿಗೆ ಮೈಯೆಲ್ಲ ಗುಳ್ಳೆ ಎದ್ದಾಗಲೂ ಎಲ್ಲರೂ ಅವನ ಮನೆಗೆ ಅಮ್ಮ ಬಂದಿದ್ದಾಳೆ ಅಂದಿದ್ದರು. ಡಾಕ್ಟರು ಅದಕ್ಕೆ ಚಿಕನ್ ಪಾಕ್ಸ್ ಅನ್ನುತ್ತಾರೆ.

ಅಜ್ಜಿ ಆಗಲೇ ಕೈ ಮುಗಿದು, “ತಣ್ಣಗೆ ಬಂದು ತಣ್ಣಗೆ ಹೋಗವ್ವ ತಾಯಿ” ಎನ್ನುತ್ತಿದ್ದಳು.

ಅಂಕಿತಾಳಿಗೆ ಮೊದಲು ಆದದ್ದು ಸಮಾಧಾನ. ಯಾರೂ ಹೊಳೆಯ ಮಾತು ಕೇಳಲಿಲ್ಲ. ನಡುಮನೆ ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲೆ ಬೇವಿನ ಸೊಪ್ಪು ಹಾಸಿ ಅವಳನ್ನು ಮಲಗಿಸಿದರು. ತಲೆಯ ಹತ್ತಿರ ಎಳನೀರು ಬಂತು. ಒಂದು ವಾರ ಸ್ಕೂಲಿಲ್ಲ. ಗಣಿತದ ಟೆಸ್ಟೂ ಇಲ್ಲ. ಬೇವಿನ ಎಲೆ ಬೆನ್ನಿಗೆ ಕಚಗುಳಿ ಇಡುತ್ತಿತ್ತು. ಅವಳು ಎಳನೀರು ಕುಡಿಯುತ್ತಾ, ಇದೂ ಒಳ್ಳೆಯದೇ ಆಯಿತು ಅಂದುಕೊಂಡಳು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗಿನ ಮಾತು ಕೇಳುತ್ತಿತ್ತು.

ಅಮ್ಮ ಬಂದ ಮನೆಯಲ್ಲಿ ಒಗ್ಗರಣೆಯನ್ನೇ ಹಾಕುವುದಿಲ್ಲ, ಇನ್ನು ಕುಬಸ ಎಲ್ಲಿಯದು ಎಂದು ಅಜ್ಜಿ ಹೇಳಿದಳು. ಮುಂದಿನ ವಾರಕ್ಕೆ ಹಾಕೋಣ ಎಂದ ಅಪ್ಪ. ಮುಂದಿನ ವಾರ ಎಂಟನೇ ತಿಂಗಳಿಗೆ ಬೀಳುತ್ತದೆ, ಎಂಟರಲ್ಲಿ ಮಾಡುವುದಿಲ್ಲ ಎಂದಳು ಅಜ್ಜಿ.

“ಹಂಗಾದ್ರೆ ಬೀಗರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಿ ಬರ್ತೀನಿ” ಎಂದ ಅಪ್ಪ. “ಮಂಗಳಾ, ನೀನು ಬಟ್ಟೆ ತುಂಬ್ಕ. ಹನ್ನೊಂದರ ಬಸ್ಸಿಗೆ ಹತ್ತಸ್ತೀನಿ. ಹೋದ ತಕ್ಷಣ ಡಾಕ್ಟರಿಗೆ ತೋರಿಸು. ನೀ ಈ ಮನೇಲಿ ಇರೋದು ಬ್ಯಾಡ.”

ಅಪ್ಪನ ಚಪ್ಪಲಿ ಸದ್ದು ಬೀದಿಗಿಳಿಯಿತು. ಆಮೇಲೆ ಮಂಗಳತ್ತೆಯ ದನಿ. ನಿನ್ನೆ ಬೀಜ ಜೋಡಿಸಿ ನಗುತ್ತಿದ್ದವಳ ದನಿ ಅದಲ್ಲ.

“ಅವ್ವಾ, ರಾತ್ರಿ ಪೂರ್ತಿ ಅವಳನ್ನ ತಬ್ಕಂಡು ಮಲಗಿದ್ದೆ. ಕೂಸಿಗೆ ಏನಾದ್ರೂ ಆಗತ್ತೇನು?”

ಅಂಕಿತಾಳ ಕೈಯಲ್ಲಿ ಎಳನೀರಿನ ಲೋಟ ಹಾಗೇ ಇತ್ತು. ಅಜ್ಜಿ ಯಾವ ಮಾತಿಗೂ ಉತ್ತರ ಇಲ್ಲದೆ ಸುಮ್ಮನಾದವಳಲ್ಲ. ಅವಳು ಏನಾದರೂ ಹೇಳಲಿ ಎಂದು ಅಂಕಿತಾ ಕಾದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಅತ್ತೆ ಮೂಗು ಸೇದಿಕೊಂಡದ್ದು ಕೇಳಿತು. ಅಷ್ಟೇ.

ಅಂಕಿತಾ ಎದ್ದು ಬಾಗಿಲು ತೆಗೆದಳು. ಲಂಗದ ತುಂಬ ಬೇವಿನ ಎಲೆ ಅಂಟಿತ್ತು.

“ಅಜ್ಜಿ, ಇದು ಅಮ್ಮ ಅಲ್ಲ. ನೊರಜು.”

“ಒಳಗೆ ಹೋಗವ್ವ. ಗಾಳಿಗೆ ಬರಬಾರ್ದು. ಮಂಗಳಾ, ನೀ ಆ ಕಡೆ ಸರಿ.”

“ನೊರಜು ಕಚ್ಚಿರೋದು ಅಜ್ಜಿ. ನಿನ್ನೆ ಹೊಳೆಗೆ ಹೋಗಿದ್ದೆ.”

ಅಜ್ಜಿ ಅತ್ತೆಯ ಕಡೆ ತಿರುಗಿ, ಜ್ವರದಲ್ಲಿ ಏನೇನೋ ಮಾತಾಡುತ್ತಿದೆ ಕೂಸು ಎಂದಳು. ಅಂಕಿತಾಳಿಗೆ ಅಳು ಬಂತು. ನಿನ್ನೆ ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದರು. ಈಗ ನಿಜ ಹೇಳಿದರೆ ನಂಬುತ್ತಿಲ್ಲ. ಅವಳು ಅಂಗಿಯನ್ನು ಎತ್ತಿ ಹೊಟ್ಟೆ ತೋರಿಸಿದಳು. ತಿರುಗಿ ಬೆನ್ನು ತೋರಿಸಿದಳು. ಒಂದು ಗುಳ್ಳೆಯೂ ಇರಲಿಲ್ಲ. ಕಾಲು ಮುಂದೆ ಚಾಚಿದಳು. ಮೊಣಕಾಲಿನಿಂದ ಕೆಳಗೆ ಗುಳ್ಳೆಗಳು ಒತ್ತಾಗಿದ್ದವು. ಕಾಲುಚೀಲದ ಇಲಾಸ್ಟಿಕ್ ಇದ್ದ ಜಾಗ ಬಂದ ಕೂಡಲೇ ಗೆರೆ ಎಳೆದ ಹಾಗೆ ನಿಂತಿದ್ದವು. ಅದರ ಕೆಳಗೆ ಪಾದ ನುಣ್ಣಗಿತ್ತು.

ಅಜ್ಜಿ ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಅಮ್ಮ ಬಂದರೆ ಮೊದಲು ಹೊಟ್ಟೆ, ಬೆನ್ನಿನ ಮೇಲೆ ಕಾಣಿಸಿಕೊಳ್ಳುತ್ತಾಳೆ. ಅದು ಅಜ್ಜಿಗೆ ಗೊತ್ತಿದ್ದ ವಿಷಯವೇ. ಗಾಬರಿಯಲ್ಲಿ ನೋಡಿರಲಿಲ್ಲ.

“ಬಾರೆಹಣ್ಣು?” ಎಂದಳು ಅಜ್ಜಿ.

“ನಾನೇ ತಂದಿದ್ದು. ಕೀರ್ತನಾ ಸ್ಕೂಲಿಗೆ ತಂದಿರಲಿಲ್ಲ.”

“ದೊಡ್ಡೋರು ಯಾರಿದ್ರು ಜೊತೆಗೆ?”

ಓಬವ್ವನ ಹೆಸರು ನಾಲಿಗೆಯ ತುದಿಗೆ ಬಂತು. ಅದೊಂದು ಹೆಸರು ಹೇಳಿದರೆ ಭಾಷೆ ಉಳಿಯುತ್ತಿತ್ತೇನೋ.

“ಓಬವ್ವ ಇದ್ರು” ಎಂದಳು ಅಂಕಿತಾ. “ಆದ್ರೆ ನಾನು ಅವರ ಹತ್ರ ಹೋಗ್ಲಿಲ್ಲ. ಹೊಂಗೆಣ್ಣೆ ವಾಸನೆ ಬಂದ್ರೆ ನಿನಗೆ ಗೊತ್ತಾಗತ್ತೆ ಅಂತ ದೂರ ನಿಂತಿದ್ದೆ.”

ಮಂಗಳತ್ತೆ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ನಿಧಾನಕ್ಕೆ ಕೆಳಗೆ ಕುಳಿತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ನಿಮ್ಮಪ್ಪನ್ನ ನಿಲ್ಸು ಹೋಗು” ಎಂದಳು ಅಜ್ಜಿ.

ಅಂಕಿತಾ ಬರಿಗಾಲಲ್ಲಿ ಓಡಿದಳು. ಬೀದಿಯ ಕೊನೆಗೆ ಹಜೀರಾಬೀ ಅವರ ಎಸ್‌ಟಿಡಿ ಬೂತ್. ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಅಪ್ಪ ರಿಸೀವರನ್ನು ಕಿವಿಗೆ ಹಿಡಿದು ನಿಂತಿದ್ದ. ಮೂರು ಸಲ ಎಂಗೇಜ್ ಬಂದು ಈಗಷ್ಟೇ ಲೈನ್ ಸಿಕ್ಕಿತು ಎಂದರು ಹಜೀರಾಬೀ. ಅಂಕಿತಾಳ ಮುಖ ನೋಡಿ, “ಏನಾತು ಬೇಟಿ, ಜೇನು ಕಚ್ಚಿತೇನು?” ಎಂದರು.

“ನೊರಜು” ಎಂದು ಅಂಕಿತಾ ಗಾಜನ್ನು ಬಡಿದಳು. “ಅಪ್ಪಾ, ನೊರಜು ಅಪ್ಪಾ. ಅಮ್ಮ ಅಲ್ಲ. ನಾನು ಹೊಳೆಗೆ ಹೋಗಿದ್ದೆ.”

ಅಪ್ಪ ಬಾಗಿಲು ತೆರೆದು ಅವಳ ಮಾತು ಪೂರ್ತಿ ಕೇಳಿದ. ರಿಸೀವರಿನಲ್ಲಿ ಹಲೋ, ಹಲೋ ಎಂದು ಮಂಗಳತ್ತೆಯ ಗಂಡ ಮಾಮನ ದನಿ ಸಣ್ಣಗೆ ಕೇಳುತ್ತಿತ್ತು. ಅಪ್ಪ ಮಗಳ ಕಾಲು ನೋಡಿದ. ಅವಳ ಮುಖ ನೋಡಿದ. ಕೊನೆಗೆ ಫೋನಿಗೆ, “ಏನಿಲ್ಲ ಭಾವ, ನಾಳೆ ಎಷ್ಟೊತ್ತಿಗೆ ಬರ್ತೀರಿ ಅಂತ ಕೇಳಾಕ ಮಾಡಿದ್ದೆ” ಎಂದ.

*

ಭಾನುವಾರ ಕುಬಸ ಚೆನ್ನಾಗಿಯೇ ಆಯಿತು. ಮೊಣಕೈಯವರೆಗೆ ಹಸಿರು ಬಳೆ ತೊಟ್ಟ ಮಂಗಳತ್ತೆ, ಉಡಿ ತುಂಬಿಸಿಕೊಂಡು ಏಳಲಾರದೆ ಎಲ್ಲರನ್ನೂ ನಗಿಸಿದಳು. ಬಂದವರಲ್ಲಿ ಇಬ್ಬರು ಅಂಕಿತಾಳಿಗೆ ಏನಾಗಿದೆ ಎಂದು ಕೇಳಿದರು. ನೊರಜು ಕಚ್ಚಿವೆ ಎಂದು ಅಜ್ಜಿ ಹೇಳಿದಳು. ಎಲ್ಲಿ ಕಚ್ಚಿದವು ಎಂದು ಕೇಳಿದ್ದಕ್ಕೆ, ಊಟಕ್ಕೆ ಏಳ್ರಿ ಎಂದಳು.

ಶನಿವಾರದಿಂದ ಅಜ್ಜಿ ಬೈದಿರಲಿಲ್ಲ. ಅಮ್ಮ ಬೈದಿದ್ದಳು, ಬಸ್ಸಿಳಿದು ಬಂದು ಸೀರೆಯ ಕವರನ್ನು ಕೆಳಗಿಡುವ ಮೊದಲೇ. ಆಮೇಲೆ ಅಲ್ಲೇ ಕುಳಿತು, ಕೆರೆಯಬೇಡ ಎಂದು ಉಗುರು ಕತ್ತರಿಸಿದ್ದಳು. ಅಪ್ಪನೂ ಬೈದಿದ್ದ. ಅಜ್ಜಿ ಮಾತ್ರ ಕೆಲಸದ ಮೇಲೆ ಕೆಲಸ ಮಾಡುತ್ತಾ ಓಡಾಡುತ್ತಿದ್ದಳು.

ಸಂಜೆ ಬೀಗರು ಹೋದ ಮೇಲೆ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಳು. ತೆಂಗಿನೆಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕಿ ಅಂಕಿತಾಳನ್ನು ಕರೆದಳು. ಗುಳ್ಳೆಗಳಿಗೆ ಒಂದೊಂದಾಗಿ ಹಚ್ಚತೊಡಗಿದಳು. ಎಣ್ಣೆ ತಂಪಾಗಿತ್ತು. ತುರಿಕೆ ಸ್ವಲ್ಪ ಇಳಿಯಿತು.

“ಅಜ್ಜಿ, ಇನ್ನೊಂದ್ಸಲ ಭಾಷೆ ಕೊಡ್ಲಾ?” ಎಂದಳು ಅಂಕಿತಾ. ಕೈಯನ್ನೂ ಚಾಚಿದಳು.

ಅಜ್ಜಿ ಆ ಕೈಯನ್ನು ನೋಡಿದಳು. ಮಣಿಕಟ್ಟಿನ ಮೇಲೆ ಉಳಿದಿದ್ದ ಎರಡು ಗುಳ್ಳೆಗೆ ಎಣ್ಣೆ ಹಚ್ಚಿ, ಕೈಯನ್ನು ಅವಳ ಮಡಿಲಿಗೇ ಮರಳಿ ಇಟ್ಟಳು.

“ಬ್ಯಾಡ. ಹೋಗ್ಬೇಕು ಅನ್ಸಿದ್ರೆ ನನ್ನ ಕರಿ. ಮರಳು ತೆಗೆದ ಗುಂಡಿ ಭಾಳ ಅದಾವೆ ಅಲ್ಲಿ. ನಾನೂ ಬರ್ತೀನಿ.”

ಅಂಕಿತಾ ಅಜ್ಜಿಯ ಮೊಣಕಾಲು ನೋಡಿದಳು. ಊದಿಕೊಂಡಿದ್ದವು. ಮನೆಯ ಮೂರು ಮೆಟ್ಟಿಲು ಇಳಿಯಲೂ ಅಜ್ಜಿ ಗೋಡೆ ಹಿಡಿಯುತ್ತಾಳೆ. ಹೊಳೆಗೆ ಅರ್ಧ ಮೈಲಿ. ಈ ಎರಡು ವರ್ಷದಲ್ಲಿ ಒಂದು ಸಲವೂ ಅವಳು ಅಜ್ಜಿಯನ್ನು ಬಾ ಎಂದು ಕರೆದಿರಲಿಲ್ಲ. ಕರೆದಿದ್ದರೆ, ಗೋಡೆ ಹಿಡಿದು, ಬೇಲಿ ಹಿಡಿದು, ನಿಂತು ನಿಂತು ಅಜ್ಜಿ ಬರುತ್ತಿದ್ದಳು. ಅದು ಈಗ ಅವಳಿಗೆ ಗೊತ್ತಾಯಿತು.

ಅವಳು ಎಣ್ಣೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ಅಜ್ಜಿಯ ಮೊಣಕಾಲಿಗೆ ತಿಕ್ಕತೊಡಗಿದಳು. ಅಜ್ಜಿ ಇನ್ನೊಂದು ಕಾಲನ್ನೂ ಅವಳ ಕಡೆಗೆ ಸರಿಸಿದಳು. ಭಾಷೆ ಮಾತ್ರ ಕೇಳಲಿಲ್ಲ.

ಮೂರನೇ ಕ್ಲಾಸಿನಲ್ಲಿ ಕೊಟ್ಟ ಭಾಷೆಯನ್ನು ಅಂಕಿತಾ ಮುರಿದಿದ್ದಳು. ಅವತ್ತು ಜಗಲಿಯ ಮೇಲೆ ಕೊಡದೇ ಉಳಿದ ಭಾಷೆಯನ್ನು ಮಾತ್ರ ಅವಳು ಮುಂದೆಂದೂ ಮುರಿಯಲಿಲ್ಲ.